ಮೇಷ್ಟ್ರ ಕೊನೆಯ ಸ್ವರಕ್ಕೆ ಗಾಳಿ ತುಳಿದವನು

ಬೆರ್ಟ್ಲ್ ಮಾಮ ಮೂವತ್ತೆಂಟು ವರ್ಷ ನಮ್ಮ ಕಿರ್ಖ್‌ಬ್ರುನ್ ಚರ್ಚಿನ ಆರ್ಗನ್ನಿನ ಬೆನ್ನ ಹಿಂದೆ ನಿಂತು, ಅದರ ಕೊಳವೆಗಳಿಗೆ ಗಾಳಿ ತುಂಬುವ ತಿದಿ ತುಳಿದ. ಆರ್ಗನ್ನಿಗೆ ಮುಂದಿನಿಂದ ಹೊಂಬಣ್ಣದ ಕೊಳವೆಗಳಿದ್ದವು, ಕಹಳೆ ಹಿಡಿದ ಇಬ್ಬರು ದೇವದೂತರಿದ್ದರು. ಅವನು ಅದನ್ನು ಕಂಡದ್ದು ಯಾವಾಗಲೋ ಒಮ್ಮೊಮ್ಮೆ. ಅವನ ಪಾಲಿಗೆ ಆರ್ಗನ್ ಅಂದರೆ ಬಣ್ಣ ಹಚ್ಚದ ಹಲಗೆ ಗೋಡೆ, ಇಲಿ ಕಡಿದ ಚರ್ಮದ ವಾಸನೆ, ಮತ್ತೆ ಮೂರು ಉದ್ದನೆಯ ಮರದ ತೊಲೆ. ಒಂದು ತೊಲೆಯ ಮೇಲೆ ನಿಂತರೆ ಅದು ಅವನ ಭಾರಕ್ಕೆ ಮೆಲ್ಲಗೆ ಕೆಳಗಿಳಿಯುತ್ತಿತ್ತು, ಆಚೆ ಕಡೆ ತಿದಿ ಉಬ್ಬಿ ಮೇಲೇಳುತ್ತಿತ್ತು. ಅದು ಕೆಳಗೆ ಮುಟ್ಟುವಷ್ಟರಲ್ಲಿ ಪಕ್ಕದ ತೊಲೆಗೆ ದಾಟಬೇಕು. ಎಷ್ಟು ಹತ್ತಿದರೂ ಮೇಲಕ್ಕೆ ಹೋಗದ ಮೆಟ್ಟಿಲು ಅದು. ಪೂಜೆ ಮುಗಿಸಿ ಕೆಳಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು, ಹೊರಗೆ ಹಿಮ ಬೀಳುತ್ತಿದ್ದರೂ ಸರಿಯೇ.

ಹೆಸರು ಲಾಂಬರ್ಟ್ ಕೆಪ್ಲಿಂಗರ್. ವಾರದ ದಿನಗಳಲ್ಲಿ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ತೊಳೆಯುತ್ತಿದ್ದ. ಅಲ್ಲಿಯ ಕುದುರೆ ಲಾಯದ ಮೇಲೊಂದು ಕೋಣೆ, ಅದೇ ಮನೆ. ಮದುವೆಯಾಗಲಿಲ್ಲ. ಊರಿನ ಗಂಡಸರೆಲ್ಲ ಭಾನುವಾರ ಪೂಜೆಯ ಹೊತ್ತಿನಲ್ಲಿ ಹೆಂಗಸರು ಕೂರುವ ಎಡಗಡೆಯ ಬೆಂಚುಗಳತ್ತ ಕಣ್ಣು ಹಾಯಿಸಿ ಹುಡುಗಿ ಗೊತ್ತುಮಾಡಿಕೊಳ್ಳುತ್ತಿದ್ದರು. ಇವನು ಆ ಹೊತ್ತಿಗೆ ಹಲಗೆ ನೋಡುತ್ತಿದ್ದ. "ನನ್ನನ್ನ ಯಾರು ನೋಡಿರ್ತಾರೆ ಹೇಳು ಸೆನ್ಸಿ, ಗಾಳಿ ಕಣ್ಣಿಗೆ ಕಾಣುತ್ತಾ?" ಅಂತ ನನಗೆ ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ, ಆದರೆ ನಾನು ನಗುವಷ್ಟರಲ್ಲಿ ಅವನ ನಗು ಮುಗಿದುಹೋಗಿರುತ್ತಿತ್ತು.

ಆ ಆರ್ಗನ್ ನುಡಿಸುತ್ತಿದ್ದವರು ಟ್ರಾಕ್ಸ್ಲರ್ ಮೇಷ್ಟ್ರು. ಅವರು ಬರೆದ ಸಂಗೀತವನ್ನು ಈಗ ದೊಡ್ಡ ದೊಡ್ಡ ನಗರಗಳಲ್ಲಿ ನೂರು ಜನ ಕೂತು ನುಡಿಸುತ್ತಾರಂತೆ. ನಮಗೆ ಅವರು ಶಾಲೆಯಲ್ಲಿ ಲೆಕ್ಕ ಕಲಿಸುವ, ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಷ್ಟ್ರು, ಅಷ್ಟೇ. ಗಿಡ್ಡ ಮನುಷ್ಯ. ಆರ್ಗನ್ನಿನಲ್ಲಿ ಕಾಲಿನಿಂದ ಒತ್ತುವ ಪಟ್ಟಿಗಳಿರುತ್ತವಲ್ಲ, ಅಷ್ಟು ದೂರ ಕಾಲು ಎಟುಕಲಿ ಅಂತ ಚಮ್ಮಾರನ ಹತ್ತಿರ ಬೂಟಿಗೆ ಎರಡು ಬೆರಳು ದಪ್ಪದ ಅಟ್ಟೆ ಹೊಡೆಸಿಕೊಂಡಿದ್ದರು. ಅಂಚೆಯವನ ಹೆಂಡತಿಯ ಬಾತುಕೋಳಿಗಳು ತಮ್ಮ ಕಿಟಕಿಯ ಕೆಳಗೆ ಕಿರುಚುತ್ತವೆ ಅಂತ ಏಳು ವರ್ಷ ಆಕೆಯ ಜೊತೆ ಜಗಳವಾಡಿದವರು. ಹೆಂಡತಿ ತೀರಿಹೋಗಿದ್ದಳು. ಒಟ್ಟಿಲಿ ಅಂತ ಒಬ್ಬಳೇ ಮಗಳು, ಸೇತುವೆ ಪಕ್ಕದ ಮನೆ.

ಮುಂದೆ ಕೂತವರಿಗೂ ಹಿಂದೆ ತುಳಿಯುವವನಿಗೂ ನಡುವೆ ಒಂದು ಸಣ್ಣ ಗಂಟೆ ಇತ್ತು. ಮೇಷ್ಟ್ರು ಒಂದು ಗುಬಟು ಎಳೆದರೆ ಹಿಂದೆ ಒಂದು ಸಲ ಟಿಣ್ ಅನ್ನುತ್ತಿತ್ತು, ತುಳಿಯೋಕೆ ಶುರುಮಾಡು ಅಂತ. ಎರಡು ಸಲ ಆದರೆ ಸಾಕು ಅಂತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆರ್ಟ್ಲ್ ಮಾಮ ಒಂದು ತಪ್ಪು ಮಾಡಿದ. ಸಂಗೀತ ನಿಂತು ಬಹಳ ಹೊತ್ತಾಯಿತು, ಮೇಷ್ಟ್ರು ಹೋಗಿರಬೇಕು ಅಂದುಕೊಂಡು ತೊಲೆಯಿಂದ ಇಳಿದುಬಿಟ್ಟ. ಮೇಷ್ಟ್ರು ಎಲ್ಲಿಗೂ ಹೋಗಿರಲಿಲ್ಲ, ಯೋಚನೆ ಮಾಡುತ್ತಾ ಕೂತಿದ್ದರು. ಯೋಚನೆ ಮುಗಿದು ಕೈ ಇಟ್ಟರೆ ಆರ್ಗನ್ ನೆಗಡಿಯಾದ ಹಸುವಿನ ಹಾಗೆ ನರಳಿತು. ಅವರು ಹಿಂದೆ ಬಂದು, ಇವನ ಕಾಲರು ಹಿಡಿದು, ಬಹಳ ಮೆತ್ತಗೆ ಹೇಳಿದರಂತೆ, "ನಾನು ಸುಮ್ಮನಿದ್ದಾಗಲೂ ನುಡಿಸ್ತಾನೇ ಇರ್ತೀನಿ ಕಣೋ. ಗಂಟೆ ಎರಡು ಸಲ ಆಗೋವರೆಗೂ ನೀನು ನನ್ನ ಎದೆ. ಎದೆ ತನ್ನಷ್ಟಕ್ಕೆ ತಾನು ರಜಾ ತಗೊಳ್ಳುತ್ತಾ?" ಅವತ್ತಿನಿಂದ ಎರಡು ಸಲ ಗಂಟೆ ಕೇಳದೆ ಅವನು ತೊಲೆ ಬಿಟ್ಟವನಲ್ಲ.

ಮೇಷ್ಟ್ರು ತೀರಿಕೊಂಡದ್ದು ಸಾವಿರದ ಎಂಟುನೂರ ತೊಂಬತ್ತೊಂಬತ್ತರ ನವೆಂಬರಿನಲ್ಲಿ, ಆರ್ಗನ್ನಿನ ಮುಂದೆಯೇ. ಆಗ ನನಗೆ ಆರು ವರ್ಷ. ಊರಿನವರಿಗೆಲ್ಲ ಗೊತ್ತಿದ್ದ ಕತೆ ಇಷ್ಟು: ಸಂಜೆ ಒಬ್ಬರೇ ನುಡಿಸುತ್ತಿದ್ದರು, ನುಡಿಸುತ್ತಾ ನುಡಿಸುತ್ತಾ ಬಿದ್ದರು, ಬೆರ್ಟ್ಲ್ ಹಿಂದಿನಿಂದ ಬಂದು ನೋಡಿದ, ಜೀವ ಹೋಗಿತ್ತು. ಒಳ್ಳೆಯ ಸಾವು ಅಂದರು ಜನ. ಒಟ್ಟಿಲಿಯಮ್ಮನವರು ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೆ ಒಣಗಿದ ಮರಸೇಬು ಹಾಕಿ ಸುಟ್ಟ ರೊಟ್ಟಿಯೊಂದನ್ನು ಬೆರ್ಟ್ಲ್ ಮಾಮನಿಗೆ ಕಳಿಸುತ್ತಿದ್ದರು. ಅಪ್ಪನ ಪಕ್ಕದಲ್ಲಿ ಕೊನೆಗೆ ಇದ್ದವನು ಅಂತ.

ನಾನು ದೊಡ್ಡವಳಾಗಿ, ಚರ್ಚಿನ ಗಂಟೆ, ದೀಪ, ಬೀಗದ ಕೈ ನೋಡಿಕೊಳ್ಳುವ ಮಾತೇಸನನ್ನು ಮದುವೆಯಾದೆ. ಪಾದ್ರಿಗಳು ಉಡುಪು ಹಾಕಿಕೊಳ್ಳುವ ಕೋಣೆಯಲ್ಲಿ ಪೀಠದ ಬಟ್ಟೆಗಳನ್ನು ಇಸ್ತ್ರಿ ಮಾಡುವುದು ನನ್ನ ಕೆಲಸವಾಯಿತು. ಎರಡು ಪೂಜೆಗಳ ನಡುವೆ ಬೆರ್ಟ್ಲ್ ಮಾಮ ಬಂದು ಒಲೆಯ ಪಕ್ಕ ಕೂರುತ್ತಿದ್ದ. ನಾನು ಹುರಿದ ಬಾರ್ಲಿಯ ಕಾಫಿ ಕೊಡುತ್ತಿದ್ದೆ. ಹೆಚ್ಚು ಮಾತಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ, ನನಗೆ ಬೆರಳಿಟ್ಟುಕೊಂಡು ಓದುವಷ್ಟು ಬರುತ್ತಿತ್ತು.

ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ ಆ ಪುಸ್ತಕ ಬಂತು.

ವಿಯೆನ್ನಾದಲ್ಲಿ ಎಡ್ಗರ್ ರೋಟ್ಟೌ ಅಂತ ಒಬ್ಬ ಕಾದಂಬರಿಕಾರರು, ಮೇಷ್ಟ್ರ ಬದುಕನ್ನು ಕತೆ ಮಾಡಿ ಬರೆದಿದ್ದರು. ಇಟ್ಟಿಗೆಯಷ್ಟು ದಪ್ಪ. ಅದರೊಳಗಿನ ಮೇಷ್ಟ್ರು ಎತ್ತರದ ಆಳು, ಕೆದರಿದ ಕೂದಲು, ಉರಿಯುವ ಕಣ್ಣು. ಸಿಡಿಲು ಮಳೆಯಲ್ಲಿ ಬೆಟ್ಟ ಹತ್ತಿ ಅಲ್ಲಿ ಸ್ವರ ಕೇಳಿಸಿಕೊಳ್ಳುತ್ತಾರೆ. ಒಬ್ಬ ಜಮೀನ್ದಾರರ ಹೆಂಡತಿ ಅವರಿಗಾಗಿ ಮುಸುಕು ಹಾಕಿಕೊಂಡು ಗಾಡಿಯಲ್ಲಿ ಬರುತ್ತಾಳೆ. ನಮ್ಮ ಮೇಷ್ಟ್ರು ಮಳೆ ಬಂದರೆ ಬೂಟು ಹಾಳಾಗುತ್ತದೆ ಅಂತ ಮನೆಯಲ್ಲೇ ಇರುತ್ತಿದ್ದವರು. ಹೊಸದು ಏನಾದರೂ ಬರೆಯುತ್ತಿದ್ದದ್ದು ಬಹಳ ಮಟ್ಟಿಗೆ ಹಲ್ಲುನೋವು ಬಂದು ನಿದ್ದೆ ಕೆಟ್ಟಾಗ.

ಮೊದಲು ಊರವರು ನಕ್ಕರು. ಆಮೇಲೆ ಬೇರೆ ಊರುಗಳಿಂದ ಆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಜನ ಬರತೊಡಗಿದರು. ಎಲ್ಲಿ ಬೆಟ್ಟ, ಎಲ್ಲಿ ಆ ಗಾಡಿ ನಿಲ್ಲುತ್ತಿತ್ತು ಅಂತ ಕೇಳಿದರು. ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಅಂಚೆಯವನ ಹೆಂಡತಿ, ಏಳು ವರ್ಷ ಬಾತುಕೋಳಿಗಾಗಿ ಬಡಿದಾಡಿದವಳು, ಮೊದಲ ವರ್ಷ "ನಂಗೊತ್ತಿಲ್ಲಪ್ಪ" ಅಂದಳು. ಎರಡನೆಯ ವರ್ಷ "ಒಂದು ಗಾಡಿ ಬರ್ತಿತ್ತು ಅನ್ಸುತ್ತೆ" ಅಂದಳು. ಮೂರನೆಯ ವರ್ಷಕ್ಕೆ ಆ ಹೆಂಗಸಿನ ಮುಸುಕಿನ ಬಣ್ಣವನ್ನೂ ಹೇಳಿದಳು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅವಳು, ಅವಳಿಗೆ ನಿಜವಾಗಿಯೂ ನೆನಪಾಗತೊಡಗಿತ್ತು. ನನ್ನ ಗಂಡ ಮಾತೇಸನೇ ಒಂದು ದಿನ ಊಟಕ್ಕೆ ಕೂತವನು, "ಮೇಷ್ಟ್ರು ಎಂಥಾ ಎತ್ತರ ಇದ್ರು" ಅಂದ. ನಾನು ಅವನ ಮುಖ ನೋಡಿದೆ. "ನಿಮ್ಮಪ್ಪನ ಭುಜಕ್ಕೂ ಬರ್ತಿರ್ಲಿಲ್ಲ ಅಂತ ನೀನೇ ಹೇಳಿದ್ಯಲ್ಲೋ," ಅಂದೆ. ಅವನು ಗೊಂದಲಪಟ್ಟು ತಟ್ಟೆ ನೋಡಿಕೊಂಡು ಕೂತ.

ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಮೇಷ್ಟ್ರ ಸಾವು ಇತ್ತು. ತಿದಿ ತುಳಿಯುವವನಿಗೆ ಬೇರೆ ಹೆಸರಿಟ್ಟು ಬರೆದಿದ್ದರು. ಆದರೆ ನಮ್ಮೂರಿನಲ್ಲಿ ತಿದಿ ತುಳಿಯುವವನು ಒಬ್ಬನೇ. ಮೇಷ್ಟ್ರು ತಮ್ಮ ಬದುಕಿನ ಅತಿ ದೊಡ್ಡ ಸಂಗೀತವನ್ನು ನುಡಿಸುತ್ತಾ ನುಡಿಸುತ್ತಾ ಶಿಖರ ಮುಟ್ಟುವ ಹೊತ್ತಿಗೆ, ಹಿಂದೆ ಆ ಕುಡುಕ ಬಾಟಲಿ ತಬ್ಬಿಕೊಂಡು ನಿದ್ದೆ ಹೋಗಿರುತ್ತಾನೆ. ಗಾಳಿ ನಿಲ್ಲುತ್ತದೆ. ಸ್ವರ ಮುರಿಯುತ್ತದೆ. ಅದರ ಜೊತೆಗೇ ಮೇಷ್ಟ್ರ ಎದೆಯೂ ನಿಲ್ಲುತ್ತದೆ, ಒಂದೇ ಉಸಿರಿನಲ್ಲಿ.

ಊರು ಇದನ್ನೂ ನೆನಪುಮಾಡಿಕೊಂಡಿತು. ಬಿಯರ್ ಕಾರ್ಖಾನೆಯಲ್ಲಿ ಇರುವವನು, ಕುಡಿಯದೆ ಇರುತ್ತಾನೆಯೇ ಅಂದರು. ಅವನು ದಿನಕ್ಕೊಂದು ಲೋಟಕ್ಕಿಂತ ಹೆಚ್ಚು ಕುಡಿದದ್ದನ್ನು ನಾನು ಕಂಡಿಲ್ಲ. "ಏನ್ ಬೆರ್ಟ್ಲ್, ಇವತ್ತು ನಿದ್ದೆ ಆಯ್ತಾ, ಇಲ್ಲ ಪೂಜೇಲಿ ಮಾಡ್ತೀಯಾ?" ಅಂತ ರೊಟ್ಟಿ ಅಂಗಡಿಯವನು ಕೂಗುತ್ತಿದ್ದ. ಒಟ್ಟಿಲಿಯಮ್ಮನವರು ಆ ವರ್ಷ ಕ್ರಿಸ್‌ಮಸ್ಸಿಗೆ ರೊಟ್ಟಿ ಕಳಿಸಲಿಲ್ಲ. ಸೇತುವೆಯ ಮೇಲೆ ಎದುರಾದರೆ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು.

ಅವನು ನನ್ನ ಹತ್ತಿರ ಬಂದ. "ಸೆನ್ಸಿ, ಅದರಲ್ಲಿ ಏನು ಬರೆದಿದೆ ಅಂತ ಎಲ್ಲರೂ ಹೇಳ್ತಾರೆ. ನೀನು ಓದಿ ಹೇಳು."

"ಬೇಡ ಬಿಡು ಮಾಮ. ಕಸ ಅದು."

"ಕಸಾನೇ ಇರಲಿ. ಓದು."

ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಪಾದ್ರಿಗಳ ಹತ್ತಿರವಿದ್ದ ಆ ಪುಸ್ತಕ ತಂದು, ಬೆರಳಿಟ್ಟು ಓದಿದೆ. ಎರಡು ಪುಟ ಓದಲು ನನಗೆ ಅರ್ಧ ಗಂಟೆ ಹಿಡಿಯಿತು. ಬಾಟಲಿಯ ಭಾಗ ಬಂದಾಗ ನನ್ನ ಕಿವಿ ಬಿಸಿಯಾಯಿತು. ಅವನು ಒಲೆ ನೋಡುತ್ತಾ ಕೂತಿದ್ದ. ಮುಗಿದ ಮೇಲೆ, "ಆ ಕೊನೇದು ಇನ್ನೊಂದು ಸಲ ಓದು," ಅಂದ.

"ಯಾವುದು?"

"ಒಂದೇ ಉಸಿರು ಅಂತ ಇದ್ಯಲ್ಲ. ಅದು."

ಓದಿದೆ. ಮುಂದಿನ ಭಾನುವಾರವೂ ಬಂದು ಅದನ್ನೇ ಓದಿಸಿಕೊಂಡ. ಅದರ ಮುಂದಿನ ಭಾನುವಾರವೂ. ಅವಮಾನವನ್ನು ಮತ್ತೆ ಮತ್ತೆ ಕೆರೆದುಕೊಳ್ಳುತ್ತಿದ್ದಾನೆ ಅಂದುಕೊಂಡು ನನಗೆ ಸಂಕಟವಾಗುತ್ತಿತ್ತು. ಕೊನೆಗೆ ತಡೆಯಲಾರದೆ ಪುಸ್ತಕ ಮುಚ್ಚಿದೆ.

"ಇದೆಲ್ಲ ಸುಳ್ಳು ಅಂತ ನಂಗೇ ಗೊತ್ತು ಮಾಮ. ಗಾಳಿ ನಿಂತಿರ್ಲಿಲ್ಲ. ನಾನು ಕೇಳಿದ್ದೀನಿ."

ಅವನು ತಿರುಗಿದ. "ಏನು ಕೇಳಿದ್ದೀಯ?"

ಮೇಷ್ಟ್ರು ಹೋದ ಆ ಸಂಜೆಯ ಬಗ್ಗೆ ನನಗೆ ನೆನಪಿದ್ದದ್ದನ್ನು ಹೇಳಿದೆ. ಅದು ಸತ್ತವರ ತಿಂಗಳು, ಸಮಾಧಿಗಳಿಗೆ ದೀಪ ಇಡುವ ಕಾಲ. ನನ್ನಮ್ಮ ಚರ್ಚಿನ ಬಾಗಿಲ ಹತ್ತಿರ ಮೇಣದ ಬತ್ತಿ ಮಾರುತ್ತಾ ಕೂರುತ್ತಿದ್ದಳು. ನಾನು ಅವಳ ಹಿಂದೆ ಬಾಗಿಲಿಗೆ ಒರಗಿ ಕೂತಿದ್ದೆ. ಬಾಗಿಲು ಬೆನ್ನಿಗೆ ಜುಮ್ ಅನ್ನುತ್ತಿತ್ತು. ಒಳಗಿನಿಂದ ಒಂದೇ ಒಂದು ಮಂದ್ರ ಸ್ವರ, ಬಹಳ ಕೆಳಗಿನದು, ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯುವಂಥದ್ದು. ಏರದೆ ಇಳಿಯದೆ ಒಂದೇ ಸಮನೆ ಇತ್ತು. ನನ್ನಮ್ಮ, "ಮೇಷ್ಟ್ರ ಹೊಟ್ಟೆ ಹಸಿದು ಗೊರಗೊರ ಅಂತಿದೆ ನೋಡು," ಅಂದು ನಗಿಸಿದ್ದಳು. ನಾಲ್ಕು ಗಂಟೆಗೆ ಬಿಸಿಲು ಇದ್ದಾಗ ಶುರುವಾದದ್ದು ಬೀದಿದೀಪ ಹಚ್ಚುವವರೆಗೂ ಇತ್ತು. ಆ ಚಳಿಗಾಲದಲ್ಲೇ ಅಮ್ಮ ಹೋದಳು. ಅವಳು ನನ್ನನ್ನು ನಗಿಸಿದ ಕೊನೆಯ ದಿನಗಳಲ್ಲಿ ಅದೊಂದು, ಅದಕ್ಕೇ ಮರೆತಿಲ್ಲ.

ಬೆರ್ಟ್ಲ್ ಮಾಮ ಕಾಫಿ ಲೋಟವನ್ನು ನೆಲದ ಮೇಲಿಟ್ಟ.

"ಬೇರೆ ಯಾರಿಗೆ ಹೇಳಿದ್ದೀಯ ಇದನ್ನ?"

"ಯಾರಿಗೆ ಹೇಳ್ಲಿ? ಯಾರು ಕೇಳಿದ್ರು?"

ಆಗ ಅವನು ಹೇಳಿದ. ನನಗೆ ತಿಳಿದ ಮಟ್ಟಿಗೆ ಬೇರೆ ಯಾರಿಗೂ, ಪಾಪನಿವೇದನೆಯಲ್ಲೂ ಹೇಳಿರಲಿಲ್ಲ.

ಆ ಸಂಜೆ ಸಣ್ಣ ಗಂಟೆ ಒಂದು ಸಲ ಆಯಿತು, ಟಿಣ್ ಅಂತ. ಅವನು ತುಳಿಯತೊಡಗಿದ. ಮೇಷ್ಟ್ರು ಸ್ವಲ್ಪ ಹೊತ್ತು ಏನೋ ನುಡಿಸಿದರು. ಆಮೇಲೆ ಧಡ್ ಅಂತ ಒಂದು ಶಬ್ದ ಬಂತು, ಪುಸ್ತಕ ಬಿದ್ದ ಹಾಗೆ. ಮೇಲಿನ ಸ್ವರಗಳೆಲ್ಲ ನಿಂತವು. ಕಾಲಿನ ಪಟ್ಟಿಯ ಸ್ವರವೊಂದೇ ಉಳಿಯಿತು. ಅವನಿಗೆ ಅದು ವಿಚಿತ್ರ ಅನಿಸಲಿಲ್ಲ. ಎರಡು ವರ್ಷದಿಂದ ಮೇಷ್ಟ್ರಿಗೆ ಅದೇ ಹುಚ್ಚು ಹಿಡಿದಿತ್ತು, ಒಂದು ಮಂದ್ರ ಸ್ವರವನ್ನು ಕಾಲಿನಲ್ಲಿ ಹಿಡಿದುಕೊಂಡೇ ಇರುವುದು, ಅದರ ಮೇಲೆ ಏನು ಕಟ್ಟಬಹುದು ಅಂತ ಯೋಚಿಸುವುದು. ಇವತ್ತಿನದು ಉದ್ದವಾಯಿತು ಅಂದುಕೊಂಡ, ಅಷ್ಟೇ. ಆ ದೊಡ್ಡ ಕೊಳವೆಗಳು ರಾಕ್ಷಸರ ಹಾಗೆ ಗಾಳಿ ತಿನ್ನುತ್ತವೆ. ಸ್ವರ ಒಂದು ಕೂದಲೆಳೆಯಷ್ಟೂ ಅಲುಗಬಾರದು ಅಂತ ಅವನು ಹಲ್ಲು ಕಚ್ಚಿ ತುಳಿದ. ತೊಡೆ ಕಂಬದಂತಾಯಿತು. ಗಂಟೆ ಎರಡು ಸಲ ಆಗಲೇ ಇಲ್ಲ. ಒಂದು ತಾಸು ತುಳಿದ, ಮೇಲೆ ಕಾಲು ತಾಸು ತುಳಿದ.

"ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ತುಳಿದಿರ್ಲಿಲ್ಲ ಸೆನ್ಸಿ," ಅಂದ. "ಮೇಷ್ಟ್ರು ಇವತ್ತು ಮೆಚ್ಕೊಳ್ತಾರೆ ಅಂದ್ಕೊಂಡಿದ್ದೆ."

ಸಂಜೆಯ ಗಂಟೆ ಹೊಡೆಯಲು ನನ್ನ ಮಾವ, ಮಾತೇಸನ ಅಪ್ಪ, ಒಳಗೆ ಬಂದರು. ಅವರಿಗೆ ಕಿವಿ ಮಂದ. ಕೆಳಗಿನಿಂದ, "ಬೆರ್ಟ್ಲ್, ಮೇಷ್ಟ್ರಿಗೆ ಇವತ್ತು ಊಟ ಬೇಡ್ವೇನೋ?" ಅಂತ ಕೂಗಿದರು. ಅವನು ತೊಲೆ ಬಿಟ್ಟು ಮುಂದೆ ಬಂದು ನೋಡಿದ. ಮೇಷ್ಟ್ರು ಬೆಂಚಿನಿಂದ ಜಾರಿ ಓರೆಯಾಗಿ ಬಿದ್ದಿದ್ದರು. ದಪ್ಪ ಅಟ್ಟೆಯ ಬೂಟು ಆ ಪಟ್ಟಿಯ ಮೇಲೆ ಭಾರ ಬಿಟ್ಟುಕೊಂಡಿತ್ತು. ತಿದಿಯಲ್ಲಿ ಉಳಿದ ಗಾಳಿ ಮುಗಿದು ಸ್ವರ ಇಳಿಯುತ್ತಿತ್ತು. ಕೆನ್ನೆ ಮುಟ್ಟಿದ. ತಣ್ಣಗಿತ್ತು. ಮಾವ ಏದುಸಿರು ಬಿಡುತ್ತಾ ಮೇಲೆ ಬಂದು, "ಯಾವಾಗ ಆಯ್ತೋ ಇದು?" ಅಂದರು.

"ಈಗಷ್ಟೇ," ಅಂದುಬಿಟ್ಟ.

"ಯಾಕಂದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಬಾಯಿಗೆ ಬಂತು. ಆಮೇಲೆ ಒಟ್ಟಿಲಿಯಮ್ಮೋರು ಓಡಿ ಬಂದ್ರು, ಅವರಿಗೂ ಅದನ್ನೇ ಅಂದೆ. ಈಗಷ್ಟೇ ಅಮ್ಮಾವ್ರೇ, ನುಡಿಸ್ತಾ ನುಡಿಸ್ತಾ. ಅವರು ನನ್ನ ಕೈ ಹಿಡ್ಕೊಂಡು ಅತ್ರು."

ಅಷ್ಟಕ್ಕೇ ಮುಗಿದಿದ್ದರೆ ಒಂದು ಥರ. ಮೇಷ್ಟ್ರನ್ನು ಹೂತು ಬಂದು ಎಲ್ಲರೂ ಹೋಟೆಲಿನಲ್ಲಿ ಸೂಪು ಕುಡಿಯುತ್ತಾ ಕೂತಿದ್ದಾಗ ಡಾಕ್ಟರು ಹೇಳಿದರಂತೆ, "ಈ ಖಾಯಿಲೆಯಲ್ಲಿ ಕೆಲವರು ಬಿದ್ದ ಮೇಲೂ ಒಂದು ಗಂಟೆ ಎಚ್ಚರವಾಗೇ ಇರ್ತಾರೆ. ಕೈಕಾಲು ಆಡಲ್ಲ, ಬಾಯಿ ಬರಲ್ಲ, ಕಿವಿ ಮಾತ್ರ ಕೇಳ್ತಿರುತ್ತೆ. ಬೇಗ ಸಿಕ್ಕಿದ್ರೆ ಕೆಲವರನ್ನ ಉಳಿಸ್ಬಹುದು. ಸದ್ಯ, ನಮ್ಮ ಮೇಷ್ಟ್ರಿಗೆ ಆ ಪಾಡು ಬರ್ಲಿಲ್ಲ. ಬೆರ್ಟ್ಲ್ ಪಕ್ಕದಲ್ಲೇ ಇದ್ದ."

ನಾನು ಒಲೆಗೆ ಕಟ್ಟಿಗೆ ಹಾಕಿದೆ.

"ಆ ಪುಸ್ತಕದಲ್ಲಿ ಮೇಷ್ಟ್ರು ಒಂದೇ ಉಸಿರಿಗೆ ಹೋಗ್ತಾರೆ," ಅಂದ ಅವನು. "ಅಷ್ಟು ದಪ್ಪ ಪುಸ್ತಕ ಬರೆದವರು ವಿಚಾರಿಸದೆ ಬರೆದಿರ್ತಾರಾ? ಎಲ್ಲಾದರೂ ತಿಳ್ಕೊಂಡೇ ಬರೆದಿರ್ಬೇಕು, ಅಲ್ವಾ? ನಾನು ಕುಡಿದಿದ್ದೆ ಅನ್ನೋದು ಸುಳ್ಳು, ಸರಿ. ಇದೊಂದು ನಿಜ ಇರ್ಬಹುದು."

ನನಗೆ ಆಗ ತಿಳಿಯಿತು ಅವನು ಯಾಕೆ ಅದನ್ನೇ ಓದಿಸಿಕೊಳ್ಳುತ್ತಿದ್ದ ಅಂತ. "ಒಟ್ಟಿಲಿಯಮ್ಮೋರು ಇರೋವರೆಗೂ ಬಾಯಿ ಬಿಡ್ಬೇಡ," ಅಂದ. ಹೂಂ ಅಂದೆ. ಮಾತೇಸನಿಗೂ ಹೇಳಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡನಿಗೆ ಹೇಳದ ಒಂದು ಮಾತು ಇಟ್ಟುಕೊಂಡರೆ ಮನೆಯಲ್ಲೂ ನೆಂಟರ ಮನೆಯಲ್ಲಿದ್ದ ಹಾಗಾಗುತ್ತದೆ. ಅದನ್ನು ಆಗ ಕಂಡೆ.

ಇಪ್ಪತ್ನಾಲ್ಕಕ್ಕೆ ಮೇಷ್ಟ್ರು ಹೋಗಿ ಇಪ್ಪತ್ತೈದು ವರ್ಷ. ವಿಯೆನ್ನಾದ ಓದುಗರು ಸೇರಿ ನಮ್ಮ ಆರ್ಗನ್ನಿಗೆ ಕರೆಂಟಿನ ಗಾಳಿ ಮೋಟಾರು ಕೊಡಿಸುತ್ತೇವೆ ಅಂದರು. ಟ್ರಾಕ್ಸ್ಲರರ ಆರ್ಗನ್ನಿನ ಉಸಿರು ಇನ್ನೆಂದೂ ನಿಲ್ಲದಿರಲಿ ಅಂತ ಒಂದು ಹಿತ್ತಾಳೆ ಫಲಕವೂ ಬರುತ್ತದಂತೆ. ಮೋಟಾರು ಬಂದರೆ ತುಳಿಯುವವನು ಯಾಕೆ?

ನಮ್ಮ ಪಾದ್ರಿಗಳು ಒಳ್ಳೆಯವರು. ಅವರು ಊರಿಗೆ ಬಂದದ್ದೇ ಮೇಷ್ಟ್ರು ಹೋದ ಎಷ್ಟೋ ವರ್ಷಕ್ಕೆ. ಆದರೂ ಪುಸ್ತಕವನ್ನು ಪೂರ್ತಿ ನಂಬಿದವರಲ್ಲ. ಬೆರ್ಟ್ಲ್ ಮಾಮನನ್ನು ನನ್ನ ಇಸ್ತ್ರಿ ಕೋಣೆಗೇ ಕರೆಸಿ ಕೇಳಿದರು. "ಕೆಪ್ಲಿಂಗರ್, ನೀನು ಈ ಕೆಲಸ ಬಿಡೋಕೆ ಇಷ್ಟಪಡ್ತೀಯಾ?"

"ಇದು ಬಿಟ್ರೆ ನಂಗೇನಿದೆ ಫಾದರ್? ಪೀಪಾಯಿ ಇದೆ."

"ಹಾಗಾದರೆ ಒಂದು ಮಾತು ಹೇಳು. ಪುಸ್ತಕದಲ್ಲಿರೋದು ಸುಳ್ಳು, ಆ ದಿನ ಗಾಳಿ ನಿಲ್ಲಲಿಲ್ಲ ಅಂತ ಹೇಳು. ನಾನು ಮೋಟಾರು ವಾಪಸ್ ಕಳಿಸ್ತೀನಿ. ನೀನು ಕಾಲಲ್ಲಿ ಶಕ್ತಿ ಇರೋವರೆಗೂ ತುಳಿ."

ಬೆರ್ಟ್ಲ್ ಮಾಮ ಟೋಪಿಯ ಅಂಚು ತಿರುಗಿಸುತ್ತಾ ನಿಂತ. ನಿಲ್ಲಲಿಲ್ಲ ಅಂದರೆ, ಮತ್ತೆ ಏನಾಯಿತು ಅನ್ನುತ್ತಾರೆ. ಏನಾಯಿತು ಅಂದರೆ ಒಂದೂಕಾಲು ತಾಸು ಹೊರಬರುತ್ತದೆ. ಅದು ಸೇತುವೆ ಪಕ್ಕದ ಮನೆಗೆ ತಲುಪಲು ಎಷ್ಟು ಹೊತ್ತು?

"ಯೋಚನೆ ಮಾಡಿ ಹೇಳ್ತೀನಿ ಫಾದರ್," ಅಂದ.

ಅವರು ಹೋದ ಮೇಲೆ ನಾನು ಅವನ ಮೇಲೆ ರೇಗಿದೆ. "ಆಕೆ ನಿನ್ನ ಮುಖ ನೋಡಲ್ಲ, ರಸ್ತೆ ದಾಟ್ತಾಳೆ. ಆಕೆಗೋಸ್ಕರ ನೀನು ಕೆಲಸ ಕಳ್ಕೋತೀಯಾ?"

"ರಸ್ತೆ ದಾಟ್ಲಿ ಬಿಡು. ರಾತ್ರಿ ನಿದ್ದೆ ಮಾಡ್ತಾರಲ್ಲ," ಅಂದ.

ಆ ಭಾನುವಾರ ಬಂತು. ಮೇಲಿನ ಅಟ್ಟದಲ್ಲಿ, ಆರ್ಗನ್ನಿನ ಮುಂದೆ, ಹತ್ತು ಹನ್ನೆರಡು ಜನ. ಪಾದ್ರಿಗಳು, ಊರಿನ ಮುಖಂಡರು, ಕಪ್ಪು ರೇಷ್ಮೆಯ ಒಟ್ಟಿಲಿಯಮ್ಮನವರು. ಫಲಕಕ್ಕೆ ಹೊದಿಸುವ ಬಟ್ಟೆ ಹಿಡಿದುಕೊಂಡು ನಾನು. ರೋಟ್ಟೌ ಅವರೂ ಬಂದಿದ್ದರು. ತುಪ್ಪಳದ ಕಾಲರು, ಒಳ್ಳೆಯ ಸಾಬೂನಿನ ವಾಸನೆ. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಬೆರ್ಟ್ಲ್ ಮಾಮ ಯಾರೆಂದು ತಿಳಿದ ಕೂಡಲೇ ತಾವೇ ಹತ್ತಿರ ಬಂದರು.

"ನಿಮ್ಮ ಬಗ್ಗೆ ಕಠಿಣವಾಗಿ ಬರೆದೆನೇನೋ. ಕತೆಗೆ ಬೇಕಾಗಿತ್ತು, ತಪ್ಪು ತಿಳೀಬೇಡಿ."

"ಅದಿರಲಿ ಸ್ವಾಮಿ. ಒಂದು ಕೇಳ್ಲಾ?"

"ಕೇಳಿ."

"ಮೇಷ್ಟ್ರು ಒಂದೇ ಉಸಿರಿಗೆ ಹೋದ್ರು ಅಂತ ಬರೆದಿದ್ದೀರಿ. ಅದು ನಿಮಗೆ ಗೊತ್ತಾ?"

ಅವರ ಕಣ್ಣು ಒಂದು ಗಳಿಗೆ ಅತ್ತಿತ್ತ ಹೋಯಿತು. ಗೊತ್ತಿಲ್ಲದ ಪಾಠ ಕೇಳಿದಾಗ ಶಾಲೆಯಲ್ಲಿ ನನ್ನ ಕಣ್ಣೂ ಹಾಗೇ ಹೋಗುತ್ತಿತ್ತು. ಆಮೇಲೆ ಇವನ ಮುಖ ನೋಡಿದರು. ಏನು ಕಂಡಿತೋ ಅವರಿಗೆ. "ಗೊತ್ತು," ಅಂದರು.

ಬೆರ್ಟ್ಲ್ ಮಾಮ ತಲೆಯಾಡಿಸಿದ. ಹೆಗಲು ಸ್ವಲ್ಪ ಇಳಿಯಿತು.

ಮೋಟಾರಿನ ಗುಂಡಿ ಒತ್ತುವ ಮೊದಲು ಪಾದ್ರಿಗಳು ತಡೆದರು. "ಒಂದು ನಿಮಿಷ. ಕೆಪ್ಲಿಂಗರ್, ಎಲ್ಲರ ಮುಂದೆ ಕೇಳ್ತೀನಿ, ಮತ್ತೆ ಕೇಳಲ್ಲ. ಆ ದಿನ ಗಾಳಿ ನಿಂತಿತಾ?"

ನಾನು ಹಿಡಿದಿದ್ದ ಬಟ್ಟೆ ಮುದ್ದೆಯಾಗಿಹೋಗಿತ್ತು. ಬಾಯಿ ತೆರೆದರೆ ನಾನೇ ಹೇಳಿಬಿಡುತ್ತಿದ್ದೆ, ಆರು ವರ್ಷದವಳು ಬೆನ್ನಿನಲ್ಲಿ ಕೇಳಿಸಿಕೊಂಡದ್ದನ್ನು. ಅವನು ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ಒಟ್ಟಿಲಿಯಮ್ಮನವರ ಕಡೆ ತಿರುಗಿದ.

"ಪುಸ್ತಕದಲ್ಲಿ ಇರೋದೇ ಸರಿ ಫಾದರ್. ನಾನು ಕುಡಿದಿದ್ದೆ. ಗಾಳಿ ನಿಂತುಹೋಯ್ತು. ಮೇಷ್ಟ್ರು ತಕ್ಷಣ ಹೋದ್ರು. ಅವರಿಗೆ ಏನೂ ಗೊತ್ತಾಗ್ಲಿಲ್ಲ."

ಊರಿನ ಮುಖಂಡರೊಬ್ಬರು ಕೆಮ್ಮಿದರು. ಪಾದ್ರಿಗಳು ತಲೆ ತಗ್ಗಿಸಿ ಗುಂಡಿ ಒತ್ತಿದರು. ಎಲ್ಲೋ ಗೋಡೆಯೊಳಗೆ ಒಂದು ಹಿಟ್ಟಿನ ಗಿರಣಿ ದೂರದಲ್ಲಿ ತಿರುಗಿದ ಹಾಗೆ ಸದ್ದಾಯಿತು, ತಿದಿಗಳು ತಾವೇ ಉಬ್ಬಿದವು.

ಒಟ್ಟಿಲಿಯಮ್ಮನವರು ಅವನ ಹತ್ತಿರ ಬಂದರು. ಮೂರು ವರ್ಷದಲ್ಲಿ ಮೊದಲ ಸಲ. ಕೈಗವಸು ತೆಗೆದು ಕೈ ಚಾಚಿದರು.

"ಒಪ್ಪಿಕೊಂಡ್ಯಲ್ಲ, ಅಷ್ಟು ಸಾಕು. ನಾನು ಕ್ಷಮಿಸಿದ್ದೀನಿ ಕೆಪ್ಲಿಂಗರ್."

ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮರ್ಯಾದೆಗೆ ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡ.

"ಎಲ್ಲದಕ್ಕೂನಾ ಅಮ್ಮಾವ್ರೇ?"

"ಎಲ್ಲದಕ್ಕೂ," ಅಂದರು ಅವರು. ಯಾವುದಕ್ಕೆ ಅಂತ ಅವರಿಗೆ ತಿಳಿದಿರಲಿಲ್ಲ.

ಅದಾದ ಮೇಲೆ ಅವನು ಹನ್ನೊಂದು ವರ್ಷ ಬದುಕಿದ. ರೊಟ್ಟಿ ಅಂಗಡಿಯವನ ಕೂಗು ನಿಲ್ಲಲಿಲ್ಲ. ಒಟ್ಟಿಲಿಯಮ್ಮನವರು ಹೋದದ್ದು ಮೂವತ್ತೆಂಟರಲ್ಲಿ. ಆಗ ನಾನು ಬಾಯಿ ಬಿಡಬಹುದಿತ್ತು. ಅಷ್ಟರಲ್ಲಿ ಬೇರೆ ಸುದ್ದಿಗಳು ಬಂದವು, ಯುದ್ಧ ಬಂತು, ಮಾತೇಸ್ ಹೋದ. ಹೋದ ವರ್ಷ ಊರು ತೋರಿಸುವ ಹುಡುಗಿಗೆ ಚರ್ಚಿನ ಮೆಟ್ಟಿಲ ಮೇಲೆ ಹೇಳತೊಡಗಿದೆ. ಪಾಪ, ಒಳ್ಳೆಯ ಹುಡುಗಿ. "ಅಜ್ಜಿ, ಬಸ್ಸಿನವರು ಕಾಯ್ತಿದ್ದಾರೆ," ಅಂದು, ಒಳಗೆ ಹೋಗಿ ಅವರಿಗೆ ಕುಡುಕನ ಕತೆ ಹೇಳಿದಳು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೋಟಾರು ಬಂದ ಮೇಲೆ ಬೆರ್ಟ್ಲ್ ಮಾಮ ಆರ್ಗನ್ ಇರುವ ಹತ್ತು ಗಂಟೆಯ ದೊಡ್ಡ ಪೂಜೆಗೆ ಬರಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಒಂದು ಸಣ್ಣ ಪೂಜೆ ಇತ್ತು, ಸಂಗೀತವಿಲ್ಲದ್ದು, ನಾಲ್ಕೈದು ಮುದುಕಿಯರು ಬರುವುದು. ಅದಕ್ಕೆ ಬರುತ್ತಿದ್ದ. ಕೊನೆಯ ಬೆಂಚಿನಲ್ಲಿ ಒಬ್ಬನೇ, ಟೋಪಿ ಮೊಣಕಾಲ ಮೇಲೆ. ಮೇಣದ ಬತ್ತಿ ಆರಿಸುತ್ತಾ ನಾನು ಒಂದು ದಿನ ಕೇಳಿದೆ.

"ಹತ್ತು ಗಂಟೆಗೆ ಬಾ ಮಾಮ. ಒಂದು ಸಲ ಮುಂದೆ ಕೂತು ಕೇಳು. ನೀನು ಕೇಳೇ ಇಲ್ವಲ್ಲ."

ಅವನು ಪೀಠದ ಕಡೆ ನೋಡಿದ.

"ಕೂತು ಕೇಳೋದು ಹೆಂಗೆ ಅಂತ ನಂಗೆ ಗೊತ್ತಾಗಲ್ಲ ಸೆನ್ಸಿ," ಅಂದು, ಟೋಪಿ ಹಾಕಿಕೊಂಡು, ಪೀಪಾಯಿ ತೊಳೆಯಲು ಹೋದ.